ಎಂಬತ್ತಡಿ ಚಿಲ್ಲರೆ

ಕಳೆದ ವರ್ಷ ಏಪ್ರಿಲ್ ತಿಂಗಳ ಎರಡನೇ ಭಾನುವಾರ, ಆನೇಮಹಲ್‌ನಿಂದ ಒಳಗೆ ಹೋಗುವ ರಸ್ತೆಯ ಕೊನೆಯಲ್ಲಿರುವ ಎಸ್ಟೇಟ್ ಒಂದರ ಈಜುಕೊಳದಲ್ಲಿ ಹಿರಿಯರ ಈಜು ಸ್ಪರ್ಧೆ ನಡೆಯಿತು. ಐವತ್ತು ದಾಟಿದ ಮಹಿಳೆಯರ ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ನಾನು ಮೊದಲು ಬಂದೆ. ಸಮಯ ಒಂದು ನಿಮಿಷ 49.1 ಸೆಕೆಂಡ್. ಅದುವರೆಗೆ ಇಪ್ಪತ್ತೈದು ಮೀಟರ್ ಕೊಳದ ರಾಜ್ಯ ದಾಖಲೆ ಒಂದು ನಿಮಿಷ 50.4 ಸೆಕೆಂಡ್ ಇತ್ತು.

ನಾನು ಸಕಲೇಶಪುರದಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ್ತಿ. ಹುಟ್ಟಿದ್ದು ಆಲೂರು ಕಡೆಯ ಹಳ್ಳಿಯಲ್ಲಿ. ಊರ ಕೆರೆಯಲ್ಲಿ ಒಣಗಿದ ಸೋರೆ ಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿತವಳು. ಬ್ರೆಸ್ಟ್‌ಸ್ಟ್ರೋಕ್ ಎಂಬ ಹೆಸರು ಗೊತ್ತಿರಲಿಲ್ಲ, ನಾವು ಕಪ್ಪೆ ಈಜು ಅನ್ನುತ್ತಿದ್ದೆವು. ಮದುವೆಯ ನಂತರ ನೀರು ಬಿಟ್ಟಿದ್ದೆ. ನಲವತ್ತೆಂಟರಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ಡಾಕ್ಟರು ನಡೆಯಿರಿ ಅಥವಾ ಈಜಿ ಅಂದರು. ನಡೆಯುವುದು ನನ್ನ ಕೆಲಸದಲ್ಲಿಯೇ ಇತ್ತು. ಈಜತೊಡಗಿದೆ.

ಕೊಳ ನನ್ನ ಗಂಡನ ಅಣ್ಣನದು, ಅಂದರೆ ಭಾವನದು. ಮೊದಲು ಅದು ತೊಟ್ಟಿಯಾಗಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಯಿಸಲು ನೀರು ಬೇಕಲ್ಲ, ಅದಕ್ಕೆ ತೋಡಿಸಿದ್ದು. ಆಮೇಲೆ ಎಸ್ಟೇಟ್‌ನಲ್ಲಿ ಹೋಂಸ್ಟೇ ಶುರುವಾಯಿತು. ತೊಟ್ಟಿಯನ್ನು ಅಗಲಿಸಿ, ಉದ್ದ ಮಾಡಿಸಿ, ನೀಲಿ ಟೈಲ್ಸ್ ಹಾಕಿಸಿ, ಗೇಟಿನ ಹತ್ತಿರ ‘25 ಮೀಟರ್ ಈಜುಕೊಳ’ ಎಂದು ಬೋರ್ಡು ನಿಲ್ಲಿಸಿದರು. ಹಿರಿಯರ ಈಜು ಸಂಸ್ಥೆಯವರು ಆ ವರ್ಷ ಮಲೆನಾಡಿನ ಕಡೆ ಸ್ಪರ್ಧೆ ಮಾಡೋಣ ಎಂದುಕೊಂಡಾಗ ಆ ಬೋರ್ಡಿನ ಫೋಟೋ ಕಳಿಸಿದವಳು ನಾನೇ.

ಗೆದ್ದ ಮೇಲೆ ಒದ್ದೆ ತಲೆಯ ಮೇಲೆ ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾವ ಎಸ್ಟೇಟ್‌ನ ಲೆಕ್ಕ ಬರೆಯುವ ರೈಟರ್‌ನನ್ನು ಆಗಲೇ ಸಕಲೇಶಪುರಕ್ಕೆ ಓಡಿಸಿದ್ದರು. ಮರುದಿನ ಬೆಳಿಗ್ಗೆ ಆನೇಮಹಲ್‌ನಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ನನ್ನ ಮುಖದ ಫ್ಲೆಕ್ಸ್ ನಿಂತಿತ್ತು. ‘ನಮ್ಮ ಮನೆಯ ಹೆಮ್ಮೆ, ರಾಜ್ಯ ದಾಖಲೆ.’ ಕೆಳಗಡೆ ಹೋಂಸ್ಟೇ ಹೆಸರು ಮತ್ತು ಫೋನ್ ನಂಬರು.

ಸುದ್ದಿಯನ್ನು ಪತ್ರಿಕೆಗೆ ಕಳಿಸಿದವಳೂ ನಾನೇ. ತಾಲ್ಲೂಕಿನಲ್ಲಿ ನಮ್ಮ ಪತ್ರಿಕೆಗೆ ಬೇರೆ ವರದಿಗಾರರಿಲ್ಲ. ‘ತಾಲ್ಲೂಕಿನ ಈಜುಗಾರ್ತಿ ನೂತನ ದಾಖಲೆ ಸ್ಥಾಪಿಸಿ ಗಮನ ಸೆಳೆದರು’ ಎಂದು ನನ್ನ ಬಗ್ಗೆ ನಾನೇ, ಬೇರೆ ಯಾರದೋ ಸುದ್ದಿ ಎಂಬಂತೆ ಬರೆದೆ. ‘ಗಮನ ಸೆಳೆದರು’ ಎಂಬ ಮಾತನ್ನು ಬೇರೆಯವರ ವರದಿಯಲ್ಲಿ ಕಂಡರೆ ಹೊಡೆದು ಹಾಕುವವಳು ನಾನು. ಅಂದು ಬಿಟ್ಟೆ.

ಅದೇ ಸಂಜೆ ಮಂಗಳೂರಿನಿಂದ ಒಂದು ಫೋನ್ ಬಂತು. ಹಳೆಯ ದಾಖಲೆ ಯಾರದಾಗಿತ್ತೋ ಅವರದು. ಬ್ಯಾಂಕಿನಲ್ಲಿದ್ದು ಸ್ವಯಂ ನಿವೃತ್ತಿ ತೆಗೆದುಕೊಂಡವರು, ನನಗಿಂತ ಎರಡು ವರ್ಷ ದೊಡ್ಡವರು. ಸ್ಪರ್ಧೆಗಳಲ್ಲಿ ಒಂದೆರಡು ಸಲ ನಮಸ್ಕಾರ ಹೇಳಿಕೊಂಡಿದ್ದೆವು, ಅಷ್ಟೇ ಪರಿಚಯ.

‘ಅಭಿನಂದನೆ ಮಾರಾಯ್ರೆ. ನನ್ನದು ಹೋಯ್ತು ಅಂತ ಬೇಜಾರಿಲ್ಲ, ನಿಜ ಹೇಳ್ತೇನೆ. ಸ್ವಲ್ಪ ಉಂಟು. ಆದ್ರೆ ಹೋಗ್ಲಿ. ನೀವು ತಿರುಗುವಾಗ ಎಂತ ಮಾಡ್ತೀರಿ? ನನಗೆ ಅಲ್ಲೇ ಸಮಯ ಹೋಗುವುದು.’

ನಾನು ಹೇಳಿದೆ. ಸುಮಾರು ಹೊತ್ತು ಹೇಳಿದೆ. ಗೋಡೆಯನ್ನು ಎರಡೂ ಕೈಯಲ್ಲಿ ಒಟ್ಟಿಗೆ ಮುಟ್ಟಬೇಕು, ಆದರೆ ಹಿಡಿದುಕೊಳ್ಳಬಾರದು, ಬಿಸಿ ಹೆಂಚು ಮುಟ್ಟಿದ ಹಾಗೆ ಬಿಡಬೇಕು, ಮಂಡಿಯನ್ನು ಎದೆಯ ಹತ್ತಿರ ಎಳೆದುಕೊಂಡು ಪಕ್ಕಕ್ಕೆ ತಿರುಗಬೇಕು ಎಂದೆಲ್ಲ. ಅವರು ‘ಹೌದಾ, ಹೌದಾ’ ಎನ್ನುತ್ತ ಕೇಳಿದರು. ಕೊನೆಗೆ ‘ನಿಮ್ಮ ಹಳೆಯ ವಿಡಿಯೋ ನೋಡಿದ್ದೇನೆ, ನೀವು ಗೋಡೆಯ ಹತ್ತಿರ ತುಂಬ ಹೊತ್ತು ನಿಲ್ಲುತ್ತೀರಿ’ ಎಂದೂ ಹೇಳಿದೆ. ಗಂಡ ಅಡುಗೆಮನೆಯಿಂದ ತಲೆ ಹೊರಹಾಕಿ, ಯಾರಿಗೆ ಪಾಠ ಎಂದು ಸನ್ನೆಯಲ್ಲಿ ಕೇಳಿದರು.

ಮೂರ್ನಾಲ್ಕು ದಿನ ಕಳೆದು ಸಂಸ್ಥೆಯ ಕಾರ್ಯದರ್ಶಿ ಬೆಂಗಳೂರಿನಿಂದ ಕರೆ ಮಾಡಿದರು. ದಾಖಲೆ ಇನ್ನೂ ಪಟ್ಟಿಗೆ ಏರಿಲ್ಲ, ಏರಬೇಕಾದರೆ ಕೊಳದ ಉದ್ದಕ್ಕೆ ಪರವಾನಗಿ ಇರುವ ಎಂಜಿನಿಯರ್‌ನ ಪ್ರಮಾಣಪತ್ರ ಬೇಕು ಎಂದರು. ನಿಯಮವನ್ನೂ ಬಿಡಿಸಿ ಹೇಳಿದರು. ಕೊಳ ಇಪ್ಪತ್ತೈದು ಮೀಟರ್‌ಗಿಂತ ಎರಡು ಬೆರಳಿನಷ್ಟು ಉದ್ದವಿದ್ದರೆ ಮಾಫಿ, ಗಿಡ್ಡವಿದ್ದರೆ ಕೂದಲೆಳೆಯಷ್ಟೂ ಮಾಫಿ ಇಲ್ಲ. ಈಜುವ ಪ್ರತಿ ಸಾಲಿನಲ್ಲೂ ಅಳೆಯಬೇಕು, ನೀರಿನ ಮಟ್ಟದಲ್ಲೂ ಅದರ ಕೆಳಗೂ ಅಳೆಯಬೇಕು. ‘ನಿಮ್ಮದು ಬೋರ್ಡೇ ಹಾಕಿದಾರಲ್ಲ ಮೇಡಂ, ಬರೀ ಫಾರ್ಮಾಲಿಟಿ’ ಎಂದರು.

ಎಂಜಿನಿಯರ್ ಹಾಸನದಿಂದ ಬಂದರು. ಮಾತುಗಾರ, ಬೈಕಿನಿಂದ ಇಳಿಯುವ ಮೊದಲೇ ಅರ್ಧ ಊರಿನ ಸುದ್ದಿ ಹೇಳಿ ಮುಗಿಸಿದ್ದರು. ಮಧ್ಯಾಹ್ನ ಆಲೂರಿನಲ್ಲಿ ಇನ್ನೊಂದು ಕೆಲಸವಿದೆ ಎಂದು ಅವಸರದಲ್ಲಿದ್ದರು. ಕೊಳದ ನೀರನ್ನು ಸ್ವಲ್ಪ ಇಳಿಸಿದ್ದೆವು. ಒಂದು ಕಡೆಯ ಗೋಡೆಗೆ ರಟ್ಟಿನಂಥ ಫಲಕ ಒತ್ತಿ ಹಿಡಿಯಲು ನನಗೆ ಹೇಳಿದರು, ಇನ್ನೊಂದು ಕಡೆಯ ಗೋಡೆಗೆ ಲೇಸರ್ ಅಳತೆಯ ಯಂತ್ರವನ್ನು ಒತ್ತಿ ಗುಂಡಿ ಅದುಮಿದರು. ಫಲಕದ ಮೇಲೆ ಕೆಂಪು ಚುಕ್ಕಿ ಬಂದು ಕೂತಿತು.

‘ಇಪ್ಪತ್ನಾಲ್ಕು ಪಾಯಿಂಟ್ ಮೂವತ್ತೆಂಟು ಮೀಟರ್’ ಎಂದರು. ಆಮೇಲೆ, ‘ಬ್ಯಾಟರಿ ನೋಡ್ತೀನಿ ತಡೀರಿ.’

ಬ್ಯಾಟರಿ ಸರಿಯಾಗಿತ್ತು. ನಾಲ್ಕೂ ಸಾಲು ಅಳೆದರು. ಹೆಚ್ಚುಕಡಿಮೆ ಅದೇ. ಉಕ್ಕಿನ ಟೇಪು ತೆಗೆದು, ಎರಡೂ ತುದಿಯನ್ನು ಎಳೆದು ಹಿಡಿದು ನೋಡಿದೆವು. ಅದೇ.

ಭಾವ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವರು ಎದ್ದು ಬಂದರು. ‘ಮೀಟ್ರು ಗೀಟ್ರು ಬುಡಿ ಇಂಜಿನಿಯರ್ರೇ, ನಂಗೆ ಅಡಿ ಲೆಕ್ಕದಲ್ಲಿ ಹೇಳಿ.’

‘ಎಂಬತ್ತಡಿ ಸಾರ್. ಕರೆಕ್ಟಾಗಿ ಎಂಬತ್ತು.’

‘ಮತ್ತೆ? ಸರಿಯಾಗೇ ಐತಲ್ಲ ಮಾರಾಯ! ನಾನು ಮೇಸ್ತ್ರಿಗೆ ಹೇಳಿದ್ದೇ ಅದು. ಎಂಬತ್ತಡಿ ಚಿಲ್ರೆ.’

‘ಎಂಬತ್ತಡಿ ಐತೆ ಸಾರ್. ಚಿಲ್ರೆ ಎಲ್ಲೈತೆ?’

ನೋಡಲು ನಿಂತಿದ್ದ ತೋಟದ ಆಳುಗಳು ನಕ್ಕರು. ಭಾವ ನಗಲಿಲ್ಲ. ನಾನು ಫಲಕ ಹಿಡಿದುಕೊಂಡೇ ನಿಂತಿದ್ದೆ.

ಇಪ್ಪತ್ತೈದು ಮೀಟರ್ ಎಂದರೆ ಎಂಬತ್ತೆರಡು ಅಡಿ. ಭಾವ ಅದನ್ನು ಫೋನಿನಲ್ಲಿ ಮೇಸ್ತ್ರಿಗೆ ‘ಎಂಬತ್ತಡಿ ಚಿಲ್ಲರೆ’ ಎಂದು ಹೇಳಿದ್ದರು. ನಮ್ಮ ಕಡೆ ಚಿಲ್ಲರೆ ಎಂದರೆ ಬಿಡುವಂಥದ್ದು ಎಂದೇ ಅರ್ಥ. ತೋಟದ ಸಿಲ್ವರ್ ಓಕ್ ಮರ ಅಳೆಯುವಾಗ ಇಂಚು ಬಿಡುತ್ತಾರೆ. ಕಾಫಿ ಮೂಟೆ ತೂಗುವಾಗ ಗ್ರಾಂ ಬಿಡುತ್ತಾರೆ. ‘ಚಿಲ್ರೆ ಬುಡು’ ಅನ್ನುವುದು ದೊಡ್ಡತನ, ಚಿಲ್ಲರೆ ಹಿಡಿದು ಕೂತವನಿಗೆ ಜುಗ್ಗ ಎಂದು ಹೆಸರು. ಮೇಸ್ತ್ರಿ ಎಂಬತ್ತಡಿಗೆ ಗೋಡೆ ಎತ್ತಿ, ಚಿಲ್ಲರೆ ಎಂದು ನಾಲ್ಕು ಇಂಚು ಹೆಚ್ಚಿಗೆ ಸೇರಿಸಿದ್ದನಂತೆ. ಅದನ್ನು ಗಾರೆ ಮತ್ತು ಟೈಲ್ಸ್ ತಿಂದುಹಾಕಿದವು. ಯಾರೂ ಮೋಸ ಮಾಡಿರಲಿಲ್ಲ. ಆದರೂ ಪ್ರತಿ ಸಲ ಆ ಗೋಡೆಯಿಂದ ಈ ಗೋಡೆಗೆ ಬರುವಾಗ ನಾನು ಎರಡು ಅಡಿ ಕಡಿಮೆ ಈಜಿದ್ದೆ. ನೂರು ಮೀಟರ್‌ಗೆ ನಾಲ್ಕು ಸುತ್ತು. ಒಟ್ಟು ಎಂಟು ಅಡಿ. ನನ್ನ ವೇಗಕ್ಕೆ ಎಂಟು ಅಡಿ ಎಂದರೆ ಎರಡೂವರೆ ಸೆಕೆಂಡಿಗೂ ಹೆಚ್ಚು, ಮತ್ತು ನಾನು ದಾಖಲೆ ಮುರಿದದ್ದು ಒಂದು ಚಿಲ್ಲರೆ ಸೆಕೆಂಡಿನಲ್ಲಿ. ಈ ಲೆಕ್ಕವನ್ನು ಅಲ್ಲಿ ನಿಂತಲ್ಲಿಯೇ ಮಾಡಿಕೊಂಡೆ. ಕಷ್ಟದ ಲೆಕ್ಕವಲ್ಲ.

ಭಾವ ಕೊಳದ ಸುತ್ತ ಒಂದು ಸುತ್ತು ನಡೆದರು. ಎರಡೂ ತುದಿಯಲ್ಲಿ ನೀರು ತುಂಬಿ ಚೆಲ್ಲಿದಾಗ ಹರಿದುಹೋಗಲು ಅಡಿ ಅಗಲದ ಕಾಲುವೆ ಇದೆ, ಮೇಲೆ ಬಿಳಿ ಜಾಲರಿ ಹಾಕಿದೆ.

‘ಇದನ್ನೂ ಸೇರಿಸ್ಕಳಿ. ಇದರಲ್ಲೂ ನೀರೈತಲ್ಲ.’

ಎಂಜಿನಿಯರ್ ಟೇಪು ಹಿಡಿದು ನೋಡಿದರು. ಆ ಕಾಲುವೆಯ ಆಚೆ ಅಂಚಿನಿಂದ ಈ ಕಾಲುವೆಯ ಈಚೆ ಅಂಚಿಗೆ ಇಪ್ಪತ್ತೈದು ಮೀಟರ್ ಸರಿಯಾಗಿ ಬಂತು. ಅವರು ನನ್ನ ಮುಖ ನೋಡಿದರು.

‘ಮೇಡಂ, ಯಾರೂ ಬಂದು ಮತ್ತೆ ಅಳೆಯಲ್ಲ. ನೀವು ಹೂಂ ಅಂದ್ರೆ ಬರೆದುಕೊಡ್ತೀನಿ. ನೀವು ಪತ್ರಿಕೆಯವರು ಅಂತ ಕೇಳ್ತಿದೀನಿ, ಇಲ್ಲಾಂದ್ರೆ ಕೇಳ್ತಲೂ ಇರಲಿಲ್ಲ.’

ನಾನು ಹೂಂ ಅನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ‘ನಾಲ್ಕು ದಿನ ಬಿಟ್ಟು ಹೇಳುತ್ತೇನೆ’ ಅಂದೆ. ಭಾವ ‘ಅದೇ ಸರಿ ಕಣಮ್ಮ, ನಿಧಾನಕ್ಕೆ ಹೇಳು’ ಎಂದರು. ಅವರಿಗೆ ನಾನು ಒಪ್ಪಿದ ಹಾಗೆಯೇ ಕೇಳಿಸಿತ್ತು. ಅವರಿಗೆ ಹಾಗೆ ಕೇಳಿಸಿದೆ ಎಂಬುದು ನನಗೂ ಗೊತ್ತಾಗಿತ್ತು, ಆದರೂ ನಾನು ತಿದ್ದಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ರೊಟ್ಟಿ ತಟ್ಟುತ್ತಿದ್ದರು. ‘ನೀನು ಏನಂದೆ?’ ಎಂದು ಒಂದೇ ಮಾತು ಕೇಳಿದರು. ಏನೂ ಅನ್ನಲಿಲ್ಲ ಎಂದೆ. ಅವರು ರೊಟ್ಟಿ ಮಗುಚಿ ಹಾಕಿದರು. ಆ ವಿಷಯ ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ನನಗೆ ಜಗಳ ಮಾಡಲು ಅವಕಾಶವಾಗುತ್ತಿತ್ತು.

ಆ ನಾಲ್ಕು ದಿನ ನಾನು ಆನೇಮಹಲ್ ಕಡೆ ಹೋಗದೆ ಕೆಲಸ ಮಾಡಿಕೊಂಡೆ. ಪೇಟೆಯಲ್ಲಿ ತಪ್ಪಿಸಿಕೊಳ್ಳಲಾಗಲಿಲ್ಲ. ತರಕಾರಿ ಅಂಗಡಿಯಾಕೆ ಸೌತೆಕಾಯಿ ತೂಗುತ್ತ, ‘ಅಕ್ಕಾರೆ, ನಿಮ್ಮ ಫ್ಲೆಕ್ಸ್ ನೋಡಿದೆ. ನಮ್ಮ ಮಗಳಿಗೂ ತೋರಿಸ್ದೆ. ನೋಡೇ, ಐವತ್ತು ವರ್ಷಕ್ಕೆ ಅವರು ಹಂಗವ್ರೆ, ನೀನು ಹದ್ನೆಂಟಕ್ಕೇ ಮಂಚ ಬುಟ್ಟು ಏಳಲ್ಲ ಅಂತ ಬೈದೆ’ ಎಂದಳು. ಒಂದು ಸೌತೆಕಾಯಿ ಹೆಚ್ಚಿಗೆ ಹಾಕಿದಳು. ಬೇಡ ಎಂದರೂ ಕೇಳಲಿಲ್ಲ.

ಐದನೆಯ ದಿನ ಹೆತ್ತೂರು ಕಡೆಯ ಒಂದು ಊರಿನವರು ಫೋನ್ ಮಾಡಿ ಕರೆದರು. ಅವರೂರಿಗೆ ಹೊಸದಾಗಿ ಆದ ಕಾಂಕ್ರೀಟ್ ರಸ್ತೆ ಬೋರ್ಡಿನಲ್ಲಿ ಬರೆದಷ್ಟು ಉದ್ದವಿಲ್ಲ ಎಂಬ ದೂರು. ಹೋದೆ. ಇಂಥ ದೂರುಗಳಿಗೆ ನನ್ನ ಪದ್ಧತಿ ಒಂದೇ, ಯಾರು ಏನೇ ಹೇಳಲಿ, ನಾನೇ ಅಳೆದು ನೋಡಿದ ಮೇಲೆ ಬರೆಯುವುದು. ಮಳೆ ಬಂದು ನಿಂತಿತ್ತು. ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಊರಿನ ಹಿರಿಯರೊಬ್ಬರು ಹಿಡಿದರು. ತುಂಡು ತುಂಡಾಗಿ ಅಳೆಯುತ್ತ ಹೋದೆವು. ರಸ್ತೆ ಮುಗಿಯುವ ಕಡೆ ಮಣ್ಣಿನ ಮೇಲೆ ನಾನು ಟೇಪು ಇಟ್ಟಾಗ ಅವರು ಕೂಗಿದರು.

‘ಅದು ಮಣ್ಣು ಮೇಡಮ್ಮೋರೆ, ಅದನ್ಯಾಕೆ ಸೇರಿಸ್ತೀರ? ಕಾಂಟ್ರಾಕ್ಟರೂ ಹಿಂಗೇ ಸೇರ್ಸಿರದು. ಬೋರ್ಡಲ್ಲಿ ಬರ್ದವ್ರೆ ಅಂತ ರಸ್ತೆ ಉದ್ದ ಆಗ್ಬುಡ್ತದಾ?’

ಅಲ್ಲಿದ್ದವರೆಲ್ಲ ನಕ್ಕರು. ನಾನು ಟೇಪನ್ನು ಹಿಂದಕ್ಕೆ ತಂದು ಕಾಂಕ್ರೀಟಿನ ಅಂಚಿಗೆ ಇಟ್ಟೆ. ಮಣ್ಣಿನ ಮೇಲೆ ಇಟ್ಟದ್ದು ಅಜಾಗರೂಕತೆಯಿಂದ, ಬೇರೆ ಏನೂ ಇಲ್ಲ. ಆದರೂ ಕಿವಿ ಬಿಸಿಯಾಯಿತು. ಒಬ್ಬಾಕೆ ನನ್ನನ್ನೇ ದಿಟ್ಟಿಸಿ, ‘ನೀವು ಆನೇಮಹಲ್ ಫ್ಲೆಕ್ಸಿನೋರಲ್ವಾ?’ ಎಂದಳು. ‘ಅಯ್ಯೋ ಹೌದಲ್ಲ! ಈಜೋ ಮೇಡಂ ಕಣ್ರೋ!’ ಯಾರೋ ಫೋಟೋ ತೆಗೆದುಕೊಂಡರು. ಕೈಯಲ್ಲಿ ಟೇಪು ಹಿಡಿದು ನಾನು ನಿಂತಿರುವ ಆ ಫೋಟೋ ಆಮೇಲೆ ಮೂರ್ನಾಲ್ಕು ವಾಟ್ಸ್ಆ್ಯಪ್ ಗುಂಪುಗಳಲ್ಲಿ ನನಗೇ ಬಂತು.

ರಸ್ತೆಯ ಸುದ್ದಿ ಬರೆದು ಕಳಿಸಿ, ಅದೇ ಕುರ್ಚಿಯಿಂದ ಏಳದೆ ಎಂಜಿನಿಯರ್‌ಗೆ ಕರೆ ಮಾಡಿದೆ. ಗೋಡೆಯಿಂದ ಗೋಡೆಗೆ ಎಷ್ಟಿದೆಯೋ ಅಷ್ಟನ್ನೇ ಬರೆದುಕೊಡಿ ಎಂದೆ. ‘ಅದನ್ನು ತಗೊಂಡು ಏನು ಮಾಡ್ತೀರಾ ಮೇಡಂ?’ ಎಂದರು. ಸಂಸ್ಥೆಗೆ ಕಳಿಸುತ್ತೇನೆ ಎಂದೆ. ಅವರು ‘ನನ್ನ ಫೀಸು ಮಾತ್ರ ಅದೇ’ ಎಂದರು.

ಭಾವನಿಗೆ ಹೇಳಲು ನಾನೇ ಎಸ್ಟೇಟ್‌ಗೆ ಹೋದೆ. ಅವರು ಸ್ಟೋರ್ ಮುಂದೆ ನಿಂತು ಗೊಬ್ಬರದ ಚೀಲ ಇಳಿಸಿಕೊಳ್ಳುತ್ತಿದ್ದರು.

‘ಮನೆ ಮರ್ಯಾದೆ ತೆಗೆದ್ಬುಟ್ಟೆ ಕಣಮ್ಮ’ ಅಂದರು. ಸಿಟ್ಟಿನ ದನಿಯಲ್ಲ, ಸುಸ್ತಾದ ದನಿ. ‘ಎರಡಡಿಗೆ. ಎರಡಡಿಗೆ ಯಾರು ಹಿಂಗೆ ಮಾಡ್ತಾರೆ?’

‘ಭಾವ, ಆಕೆಯ ಹೆಸರು ತೆಗೆದು ನನ್ನ ಹೆಸರು ಹಾಕ್ತಾರೆ.’

‘ಯಾರ ಹೆಸರು?’

ಮಂಗಳೂರಿನವರು ಎಂದೆ. ಭಾವನಿಗೆ ಅಂಥವರೊಬ್ಬರು ಇದ್ದಾರೆ ಎಂಬುದೇ ಆವರೆಗೆ ತಲೆಗೆ ಹೋಗಿರಲಿಲ್ಲ. ಅವರು ಚೀಲದ ಕಡೆ ತಿರುಗಿ, ‘ಅದನ್ನ ನಿಧಾನಕ್ಕೆ ಇಳಿಸ್ರಲಾ’ ಎಂದು ಆಳುಗಳಿಗೆ ಕೂಗಿದರು. ನಾನು ಹೊರಟೆ. ಫ್ಲೆಕ್ಸ್ ತೆಗೆಸಿ ಎಂದು ಕೇಳಬೇಕೆಂದು ಬಂದಿದ್ದೆ, ಕೇಳಲು ಬಾಯಿ ಬರಲಿಲ್ಲ. ವಾರದೊಳಗೆ ಅವರೇ ತೆಗೆಸಿದರು.

ಪತ್ರಿಕೆಗೆ ಮೂರು ಸಾಲಿನ ತಿದ್ದುಪಡಿ ಕಳಿಸಿದೆ. ಡೆಸ್ಕಿನಿಂದ ಫೋನ್ ಬಂತು. ‘ನಿಮ್ಮದೇ ಸುದ್ದಿಗೆ ನಿಮ್ಮದೇ ತಿದ್ದುಪಡಿನಾ ಮೇಡಂ? ಸುಮ್ನೆ ಬಿಟ್ಬಿಡಿ, ಯಾರಿಗೆ ನೆನಪಿರುತ್ತೆ?’ ಹಾಕಿ ಎಂದೆ. ಹಾಕಿದರು, ಒಳಪುಟದಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ. ತಾಲ್ಲೂಕಿನಲ್ಲಿ ಅದನ್ನು ಓದಿದವರು ಎಷ್ಟು ಜನವೋ ತಿಳಿಯದು. ಓದಿದವರು ನನಗೆ ಹೇಳಲಿಲ್ಲ. ದಾಖಲೆಯ ಸುದ್ದಿ ಬಂದ ದಿನ ಬೆಳಿಗ್ಗೆ ಆರು ಗಂಟೆಯಿಂದಲೇ ಫೋನ್ ಬಡಿದುಕೊಂಡಿತ್ತು. ತರಕಾರಿ ಅಂಗಡಿಯಾಕೆಗೆ ನಾನೇ ಹೇಳಿದೆ. ಆಕೆ ‘ಕೊಳ ಗಿಡ್ಡ ಇದ್ರೆ ನಿಮ್ಮದೇನು ತಪ್ಪು ಬುಡಿ’ ಎಂದು, ಎಂದಿನಂತೆ ತಕ್ಕಡಿ ಸಮ ಮಾಡಿ ತೂಗಿದಳು. ಅವತ್ತು ಹೆಚ್ಚಿಗೆ ಏನೂ ಹಾಕಲಿಲ್ಲ. ಅದನ್ನು ನಾನು ಗಮನಿಸಿದೆ, ಗಮನಿಸಿದ್ದಕ್ಕೆ ನಾಚಿಕೆಯಾಯಿತು.

ಮಂಗಳೂರಿಗೆ ಫೋನ್ ಮಾಡುವುದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಸಂಸ್ಥೆಯವರು ಹೇಗೂ ತಿಳಿಸುತ್ತಾರೆ ಎಂದು ಎರಡು ವಾರ ತಳ್ಳಿದೆ. ಮಾಡಿದಾಗ ಅವರು ಮೊದಲು ನಂಬಲಿಲ್ಲ.

‘ಎಷ್ಟು ಕಡಿಮೆ?’

‘ಎರಡು ಅಡಿ.’

‘ಎರಡು ಅಡಿಯಾ! ಅಯ್ಯೋ ದೇವರೇ. ನಮ್ಮ ಬಚ್ಚಲುಮನೆಯೇ ಅಷ್ಟು ಇರುವುದು ಮಾರಾಯ್ರೆ.’ ನಕ್ಕರು. ತುಂಬ ಹೊತ್ತು ನಕ್ಕರು. ಆ ನಗೆಯಲ್ಲಿ ಕೊಂಕಿರಲಿಲ್ಲ, ಅದೇ ಕಷ್ಟವಾಯಿತು. ನಾನು ಕ್ಷಮಿಸಿ ಎಂದೆ.

‘ಎಂತಕ್ಕೆ ಕ್ಷಮೆ? ನೀವೇ ಅಳೆಸಿದ್ದಲ್ಲವಾ?’

ಅಳತೆ ಕೇಳಿದ್ದು ಸಂಸ್ಥೆಯವರು, ಅಳತೆ ಬಂದ ಮೇಲೂ ಐದು ದಿನ ನಾನು ಸುಮ್ಮನಿದ್ದೆ ಎಂದು ಹೇಳಿದೆ. ಕಾಲುವೆ ಸೇರಿಸುವ ಮಾತನ್ನೂ ಹೇಳಿದೆ. ಆ ಕಡೆ ನಗು ನಿಂತಿತು.

‘ಐದು ದಿನ’ ಅಂದರು.

‘ಹೌದು.’

‘ನಾನು ಆ ಐದು ದಿನವೂ ಬೆಳಿಗ್ಗೆ ಹೋಗಿ ತಿರುಗುವುದನ್ನು ಅಭ್ಯಾಸ ಮಾಡ್ತಾ ಇದ್ದೆ. ಬಿಸಿ ಹೆಂಚು ಅಂದಿದ್ದಿರಲ್ಲ. ನಮ್ಮ ಕೋಚ್ ಕೇಳಿದ, ಇದು ಯಾರು ಹೇಳಿಕೊಟ್ಟದ್ದು ಅಂತ. ದಾಖಲೆ ಮಾಡಿದವರು ಹೇಳಿದ್ದು ಅಂತ ಹೇಳಿದೆ.’

ಅಷ್ಟು ಹೇಳಿ, ‘ಹಾಲು ಇಟ್ಟಿದ್ದೇನೆ, ಉಕ್ಕುತ್ತದೆ’ ಎಂದು ಫೋನ್ ಇಟ್ಟರು. ಆಮೇಲೆ ತಾವಾಗಿ ಕರೆ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಮಳೆಗಾಲ ಮುಗಿಯುವವರೆಗೆ ನಾನು ಈಜಲಿಲ್ಲ. ಭಾವನ ಕೊಳಕ್ಕೆ ಹೋಗಲು ಮುಜುಗರ, ಬೇರೆ ಕೊಳ ಹತ್ತಿರದಲ್ಲಿಲ್ಲ. ಅಕ್ಟೋಬರ್‌ನಲ್ಲಿ ಅತ್ತೆಯ ತಿಥಿಗೆ ಎಲ್ಲರೂ ಸೇರಿದ್ದಾಗ, ಊಟ ಬಡಿಸುತ್ತಿದ್ದ ನನಗೆ ಭಾವ ಎಲೆಯ ಮುಂದೆ ಕೂತಲ್ಲಿಂದಲೇ, ‘ನೀರು ಸುಮ್ನೆ ಬಿದ್ದೈತೆ, ಬಂದು ಈಜ್ಕಂಡು ಹೋಗಬಾರ್ದಾ?’ ಎಂದರು. ಪಾಯಸ ಬಡಿಸಿದೆ. ‘ಸಾಕು ಸಾಕು’ ಎಂದು ಕೈ ಅಡ್ಡ ಹಿಡಿದರು. ಮರುವಾರ ಹೋದೆ. ಗೇಟಿನ ಬೋರ್ಡಿನಲ್ಲಿ ಇಪ್ಪತ್ತೈದು ಎಂಬ ಅಂಕಿಯ ಮೇಲೆ ಬಿಳಿ ಬಣ್ಣ ಬಳಿದಿದ್ದರು. ಅದರ ಮೇಲೆ ಬೇರೆ ಅಂಕಿ ಬರೆಸಿರಲಿಲ್ಲ. ನೂರು ಮೀಟರ್ ಆಗಲಿ ಎಂದು ನಾಲ್ಕು ಸುತ್ತು ಈಜಿ, ಮೇಲೆ ಎಂಟು ಅಡಿ ಈಜಿ, ಅಲ್ಲಿಯೇ ನೀರಿನ ನಡುವೆ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಮುಟ್ಟಲು ಅಲ್ಲಿ ಗೋಡೆ ಇರುತ್ತಿರಲಿಲ್ಲ. ಗಂಡ ದಡದ ಮೇಲೆ ಗಡಿಯಾರ ಹಿಡಿದು, ನಾನು ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಒಂದು ಚಪ್ಪಲಿ ಇಡುತ್ತಿದ್ದರು. ಒಂದು ನಿಮಿಷ ಐವತ್ತೆರಡಕ್ಕಿಂತ ಕೆಳಗೆ ಒಮ್ಮೆಯೂ ಬರಲಿಲ್ಲ.

ಡಿಸೆಂಬರ್‌ನಲ್ಲಿ ಮಂಗಳೂರಿನ ಇಪ್ಪತ್ತೈದು ಮೀಟರ್ ಕೊಳವೊಂದರಲ್ಲಿ ಹಿರಿಯರ ಸ್ಪರ್ಧೆ ನಡೆಯಿತು. ಕೊಳದ ಅಳತೆಯ ಪ್ರಮಾಣಪತ್ರವನ್ನು ಪ್ರವೇಶದ್ವಾರದಲ್ಲಿ ಅಂಟಿಸಿದ್ದರು. ಹಳೆಯ ದಾಖಲೆಯ ಮಂಗಳೂರಿನಾಕೆ ಮೂರನೇ ಸಾಲಿನಲ್ಲಿ, ನಾನು ಐದನೆಯದರಲ್ಲಿ ಈಜಿದೆವು. ಆಕೆಯ ಸಮಯ ಒಂದು ನಿಮಿಷ 48.7 ಸೆಕೆಂಡ್. ನನ್ನದು ಒಂದು ನಿಮಿಷ 52.3 ಸೆಕೆಂಡ್, ಮೂರನೇ ಸ್ಥಾನ. ಹೊಸ ದಾಖಲೆಯನ್ನು ಸಂಸ್ಥೆ ಜನವರಿಯಲ್ಲಿ ಪಟ್ಟಿಗೆ ಸೇರಿಸಿದೆ.